ಮಿಲ್ವಾಕಿಯ ಮಿಡತೆ, ಪುಣೆಯ ಮಿಕ್ಸಿ

ಊಟ ಮುಗಿಯುತ್ತಿದ್ದಂತೆ ಬಡಿಸುವಾಕೆ ಬಂದು, "ಈಗೊಂದು ಗ್ರಾಸ್‌ಹಾಪರ್ ತರಲೇ?" ಎಂದು ಕೇಳಿದಾಗ ನನಗೆ ಸಣ್ಣಗೆ ಗಾಬರಿಯಾಯಿತು. ಗ್ರಾಸ್‌ಹಾಪರ್ ಎಂದರೆ ಮಿಡತೆ ಎಂದು ಶಾಲೆಯಲ್ಲಿ ಓದಿದ ನೆನಪು. ಮೇಜಿನ ಸುತ್ತ ಕೂತಿದ್ದ ಆರು ಜನರಲ್ಲಿ ಸಸ್ಯಾಹಾರಿ ನಾನೊಬ್ಬನೇ. ಅದುವರೆಗೆ ಆಲೂಗಡ್ಡೆ ತುರಿದು ಹುಯ್ದ ದೋಸೆಯಂಥದ್ದೊಂದನ್ನು ಸೇಬಿನ ಗೊಜ್ಜಿನ ಜೊತೆ ತಿಂದು ಹೇಗೋ ಮರ್ಯಾದೆ ಉಳಿಸಿಕೊಂಡಿದ್ದೆ. ಇನ್ನು ಮಿಡತೆಯೂ ಬಂದರೆ ಏನು ಗತಿ?

ಬಂದದ್ದು ಉದ್ದ ಕಾಲಿನ ಗಾಜಿನ ಲೋಟ. ಅದರ ತುಂಬ ತಿಳಿಹಸಿರು ಬಣ್ಣದ ಐಸ್‌ಕ್ರೀಮು, ಇನ್ನೇನು ಕರಗಬೇಕು ಅನ್ನುವ ಹದದಲ್ಲಿ. ಮೇಲೆ ಕೆನೆಯ ಗುಡ್ಡ, ಚಾಕೊಲೇಟಿನ ತುರಿ. ಮೊದಲ ಗುಟುಕಿಗೆ ಪುದೀನ ಸಿಕ್ಕಿತು, ಎರಡನೆಯದಕ್ಕೆ ಚಾಕೊಲೇಟು. ಅರ್ಧ ಲೋಟ ಖಾಲಿಯಾಗುವ ಹೊತ್ತಿಗೆ ಕಿವಿ ಬೆಚ್ಚಗಾಗಿತ್ತು. ಇದು ಸಿಹಿತಿಂಡಿಯೂ ಹೌದು, ಮದ್ಯವೂ ಹೌದು ಎಂದು ಆಗ ತಿಳಿಯಿತು. ಬಣ್ಣ ನೋಡಿ ಇಟ್ಟ ಹೆಸರಷ್ಟೇ ಅದು.

ಅದು 2018ರ ನವೆಂಬರ್. ಪುಣೆಯ ನಮ್ಮ ಕಂಪನಿ ನನ್ನನ್ನು ಐದು ತಿಂಗಳ ಆನ್‌ಸೈಟ್ ಕೆಲಸಕ್ಕೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಗೆ ಕಳಿಸಿತ್ತು. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳಿಗೆ ಹೋದವರು ಫೋಟೋ ಹಾಕುತ್ತಿದ್ದರೆ ನಾನು ಊರಿನ ಹೆಸರು ಹೇಳಿದರೆ ಸಾಕು, "ಅದೆಲ್ಲಿ ಬರುತ್ತೆ?" ಎಂಬ ಪ್ರಶ್ನೆ. ಚಿಕಾಗೋದಿಂದ ರೈಲಿನಲ್ಲಿ ಉತ್ತರಕ್ಕೆ ಒಂದೂವರೆ ಗಂಟೆ. ಊರಿನ ಪೂರ್ವಕ್ಕೆ ಮಿಷಿಗನ್ ಸರೋವರ. ಸರೋವರ ಅಂತ ಹೆಸರಷ್ಟೇ, ಎದುರು ದಡ ಕಾಣುವುದಿಲ್ಲ, ಅಲೆ ಬಡಿಯುವ ಸದ್ದು ಕೇಳಿದರೆ ಕಾರವಾರದಲ್ಲಿ ನಿಂತಂತೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂ ಕಾಲಿಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಆಫೀಸಿನಿಂದ ಹೊರಗೆ ಬರುವಾಗ ಕಗ್ಗತ್ತಲು, ಮೈನಸ್ ಹತ್ತು ಡಿಗ್ರಿ, ಮುಖಕ್ಕೆ ಹೊಡೆಯುವ ಸರೋವರದ ಗಾಳಿ. ಅಂಥ ಕತ್ತಲಲ್ಲಿ ಜನ ಮನೆಯೊಳಗೆ, ಹೋಟೆಲಿನೊಳಗೆ ಗುಂಪು ಕೂಡಿ ಕೂರುವುದನ್ನು ಒಂದು ವಿದ್ಯೆಯ ಹಾಗೆ ಕಲಿತಿದ್ದಾರೆ.

ಸಪ್ಪರ್ ಕ್ಲಬ್ಬಿನ ರಾತ್ರಿ

ನಾನು ಮಿಡತೆ ಕುಡಿದ ಜಾಗಕ್ಕೆ ಅಲ್ಲಿಯವರು ಸಪ್ಪರ್ ಕ್ಲಬ್ ಅನ್ನುತ್ತಾರೆ. ಕ್ಲಬ್ ಅಂದರೆ ಸದಸ್ಯತ್ವ ಗಿದಸ್ಯತ್ವ ಏನೂ ಇಲ್ಲ. ಹೆಚ್ಚಾಗಿ ಊರ ಹೊರಗಿನ ರಸ್ತೆಯಲ್ಲಿ, ಒಂದು ಕುಟುಂಬದವರು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ಹೋಟೆಲು. ಹೋದ ತಕ್ಷಣ ಮೇಜು ಸಿಗುವುದಿಲ್ಲ, ಸಿಗಬೇಕೆಂಬ ಅವಸರವೂ ಯಾರಿಗೂ ಇಲ್ಲ. ಮೊದಲು ಬಾರಿನಲ್ಲಿ ಕೂರಬೇಕು. ಕಿತ್ತಳೆ, ಚೆರ್ರಿ, ಸಕ್ಕರೆ ಜಜ್ಜಿ ಬ್ರಾಂದಿ ಹಾಕಿ ಮೇಲೆ ಸಿಹಿ ಸೋಡಾ ಸುರಿದ 'ಬ್ರಾಂದಿ ಓಲ್ಡ್ ಫ್ಯಾಶನ್ಡ್' ಕುಡಿಯುತ್ತ ಪಕ್ಕದವರ ಜೊತೆ ಹವಾಮಾನ ಮಾತಾಡಬೇಕು. ಆಮೇಲೆ ಮೇಜಿಗೆ ಕರೆಯುತ್ತಾರೆ. ಕ್ಯಾರೆಟ್, ಮೂಲಂಗಿ, ಉಪ್ಪಿನಕಾಯಿಗಳ ತಟ್ಟೆ ಬರುತ್ತದೆ. ಶುಕ್ರವಾರವಾದರೆ ಕರಿದ ಮೀನು, ಶನಿವಾರವಾದರೆ ದೊಡ್ಡ ಮಾಂಸದ ತುಂಡು. ಎಲ್ಲ ಮುಗಿದ ಮೇಲೆ ಪಾಯಸದ ಜಾಗದಲ್ಲಿ ಈ ಐಸ್‌ಕ್ರೀಮ್ ಪಾನೀಯಗಳು.

ಇದರಲ್ಲಿ ಮೂರು ಮುಖ್ಯ. ಮೊದಲನೆಯದು ಮಿಡತೆ: ಪುದೀನದ ಹಸಿರು ಲಿಕ್ಯೂರು, ಕೋಕೋದ ಲಿಕ್ಯೂರು. ಎರಡನೆಯದು ಬ್ರಾಂದಿ ಅಲೆಕ್ಸಾಂಡರ್: ಬ್ರಾಂದಿ, ಕೋಕೋದ ಲಿಕ್ಯೂರು, ಮೇಲೆ ತುರಿದ ಜಾಯಿಕಾಯಿ. ಮೂರನೆಯದು ಪಿಂಕ್ ಸ್ಕ್ವಿರಲ್, ಅಂದರೆ ಗುಲಾಬಿ ಅಳಿಲು. ಬಾದಾಮಿಯ ಘಮವಿರುವ ಕೆಂಪು ಲಿಕ್ಯೂರಿನಿಂದ ಅದಕ್ಕೆ ಆ ಬಣ್ಣ. ಲಿಕ್ಯೂರ್ ಅಂದರೆ ಸಕ್ಕರೆ ಬೆರೆಸಿ ಘಮ ಹಿಡಿಸಿದ ಮದ್ಯ. ಬಾಟಲಿ ಮೇಲೆ 'ಕ್ರೆಮ್ ದ ಕಕಾವ್', 'ಕ್ರೆಮ್ ದ ಮಾಂತ್' ಎಂದು ಬರೆದಿರುವುದನ್ನು ನೋಡಿ ನಾನು ಇದರಲ್ಲಿ ಹಾಲಿನ ಕೆನೆ ಇರಬೇಕು ಅಂದುಕೊಂಡಿದ್ದೆ. ಒಂದು ಹನಿಯೂ ಇಲ್ಲ. ಕೆನೆಯಷ್ಟು ಮಂದವಾಗುವ ಹಾಗೆ ಸಕ್ಕರೆ ಹಾಕಿದ್ದು ಎಂಬ ಅರ್ಥ. ಯುರೋಪಿನ ನಿಯಮದ ಪ್ರಕಾರ ಆ ಹೆಸರಿಡಬೇಕಾದರೆ ಲೀಟರಿಗೆ ಕನಿಷ್ಠ 250 ಗ್ರಾಂ ಸಕ್ಕರೆ ಇರಲೇಬೇಕು. ನಮ್ಮ ಜಾಮೂನಿನ ಪಾಕ ನೆನಪಾಯಿತು.

ಮಿಡತೆ ಹುಟ್ಟಿದ್ದು ಇಲ್ಲಲ್ಲ, ದಕ್ಷಿಣದ ನ್ಯೂ ಆರ್ಲಿಯನ್ಸಿನ ಟುಜಾಗ್ಸ್ ಎಂಬ ಹಳೆಯ ಹೋಟೆಲಿನಲ್ಲಿ ಎನ್ನುತ್ತಾರೆ. ಅಳಿಲು ಮಾತ್ರ ಮಿಲ್ವಾಕಿಯದೇ. 1938ರಲ್ಲಿ ಶುರುವಾದ ಬ್ರಯಂಟ್ಸ್ ಎಂಬ ಕಾಕ್‌ಟೇಲ್ ಮನೆಯವರು ಅದು ತಮ್ಮದೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಒಂದು ಗುರುವಾರ ಅಲ್ಲಿಗೂ ಹೋದೆ. ವಾಸದ ಮನೆಗಳ ನಡುವೆ ಒಂದು ಸಾಮಾನ್ಯ ಕಟ್ಟಡ. ಒಳಗೆ ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಹೊತ್ತು ಹಿಡಿಯಿತು. ಮೆನು ಇಲ್ಲ. ಏನು ಇಷ್ಟ, ಏನು ಆಗುವುದಿಲ್ಲ ಎಂದು ಕೇಳಿ, ತಾವೇ ಒಂದು ಮಾಡಿಕೊಡುತ್ತಾರೆ. ಉಳಿದ ಊರುಗಳಲ್ಲಿ ಈ ಪಾನೀಯಗಳಿಗೆ ಬರೀ ಕೆನೆ ಹಾಕಿ ಐಸಿನ ಜೊತೆ ಕುಲುಕುತ್ತಾರೆ. ಇಲ್ಲಿ ಕೆನೆಯ ಬದಲು ಐಸ್‌ಕ್ರೀಮನ್ನೇ ಹಾಕಿ ಅರೆಯುತ್ತಾರೆ. ವಿಸ್ಕಾನ್ಸಿನ್ನಿನ ವಿಶೇಷ ಅದೇ.

ಹಾಲಿನ ಸೀಮೆಗೆ ಬ್ರಾಂದಿ ಬಂದದ್ದು

ಐಸ್‌ಕ್ರೀಮೇ ಏಕೆ ಎಂಬುದಕ್ಕೆ ಉತ್ತರ ಅಲ್ಲಿನ ಕಾರುಗಳ ನಂಬರ್ ಪ್ಲೇಟಿನ ಮೇಲೆಯೇ ಇದೆ: 'ಅಮೆರಿಕದ ಹೈನುನಾಡು'. ಹಾಲು, ಬೆಣ್ಣೆ, ಚೀಸ್ ಅವರಿಗೆ ಬರೀ ವ್ಯಾಪಾರವಲ್ಲ, ಅಭಿಮಾನ. ಎಷ್ಟು ಅಭಿಮಾನವೆಂದರೆ, ಎಣ್ಣೆಯಿಂದ ಮಾಡಿದ ಮಾರ್ಗರೀನಿಗೆ ಬೆಣ್ಣೆಯ ಹಳದಿ ಬಣ್ಣ ಕೊಟ್ಟು ಮಾರುವುದು ಈ ರಾಜ್ಯದಲ್ಲಿ 1895ರಿಂದ 1967ರವರೆಗೆ ಕಾನೂನುಬಾಹಿರವಾಗಿತ್ತು. ಜನ ಪಕ್ಕದ ರಾಜ್ಯಕ್ಕೆ ಹೋಗಿ ಕದ್ದು ತರುತ್ತಿದ್ದರಂತೆ. ಕೇಳಿ ನಕ್ಕೆ. ಪುಣೆಗೆ ವಾಪಸು ಬಂದ ಮೇಲೆ ನಮ್ಮ ಫ್ರಿಜ್ಜಿನ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ 'ಫ್ರೋಜನ್ ಡೆಸರ್ಟ್' ಎಂದು ಬರೆದಿದ್ದನ್ನು ಓದಿದಾಗ ನಗು ಬರಲಿಲ್ಲ. ಅದರಲ್ಲಿರುವುದು ಹಾಲಿನ ಕೊಬ್ಬಲ್ಲ, ಸಸ್ಯದ ಎಣ್ಣೆ. ಐಸ್‌ಕ್ರೀಮ್ ಎಂಬ ಹೆಸರಿಡಬೇಕಾದರೆ ನಮ್ಮಲ್ಲೂ ಕನಿಷ್ಠ ಶೇ. 10 ಹಾಲಿನ ಕೊಬ್ಬು ಇರಬೇಕು. ವಿಸ್ಕಾನ್ಸಿನ್ನಿನ ರೈತರು ಜಗಳವಾಡಿದ್ದು ಇದಕ್ಕೇ.

ಬ್ರಾಂದಿಯ ಕತೆ ಬೇರೆ. ಜರ್ಮನ್ ವಲಸಿಗರು ಕಟ್ಟಿದ ಬಿಯರಿನ ಊರು ಮಿಲ್ವಾಕಿ. ಅಲ್ಲಿ ಬ್ರಾಂದಿ ಹೇಗೆ ಬಂತು? ಎಲ್ಲರೂ ಹೇಳುವ ಕತೆ 1893ರ ಚಿಕಾಗೋ ವಿಶ್ವಮೇಳದ್ದು. ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಅದೇ ಮೇಳದ ಜೊತೆಗೇ. ಅಲ್ಲಿ ಕ್ಯಾಲಿಫೋರ್ನಿಯಾದ ಕೋರ್ಬೆಲ್ ಸಹೋದರರು ತಮ್ಮ ಬ್ರಾಂದಿಯನ್ನು ತೋರಿಸಿದರು, ಮೇಳ ನೋಡಲು ಬಂದ ವಿಸ್ಕಾನ್ಸಿನ್ನಿನ ಜರ್ಮನರು ಅದಕ್ಕೆ ಮನಸೋತರು ಎಂದು ಪ್ರತೀತಿ. ಇನ್ನು ಕೆಲವರು ಇದನ್ನು ಒಪ್ಪುವುದಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಒಳ್ಳೆಯ ವಿಸ್ಕಿ ಸಿಗದೆ ವ್ಯಾಪಾರಿಗಳು ಬ್ರಾಂದಿ ತರಿಸಿದರು, ನಾಲಿಗೆ ಅದಕ್ಕೆ ಒಗ್ಗಿತು ಎನ್ನುತ್ತಾರೆ. ಯಾವುದೇ ಇರಲಿ, ಬ್ರಾಂದಿ ಅಲ್ಲಿ ಮನೆಮನೆಯ ಸಾಮಾನಾಗಿದೆ.

ಸಂತೋಷದ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಕುಡಿದು ಗಾಡಿ ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೆ ಸಾಮಾನ್ಯವಾಗಿ ಅದನ್ನು ಅಪರಾಧವೆಂದು ದಾಖಲಿಸದೆ ದಂಡ ಹಾಕಿ ಬಿಡುವ ರಾಜ್ಯ ಇಡೀ ಅಮೆರಿಕದಲ್ಲಿ ಇದೊಂದೇ. ಹಿಮ ಬಿದ್ದ ರಸ್ತೆ, ಊರ ಹೊರಗಿನ ಹೋಟೆಲು, ಮಿಲ್ಕ್‌ಶೇಕಿನಂತೆ ಗಂಟಲಿಗಿಳಿಯುವ ಮದ್ಯ. ಲೆಕ್ಕ ಹಾಕಿದರೆ ಹೆದರಿಕೆಯಾಗುತ್ತದೆ. ನಮ್ಮ ತಂಡದಲ್ಲಿ ಕಾರು ಓಡಿಸುವವರು ಯಾರೆಂದು ಹೊರಡುವ ಮೊದಲೇ ನಿರ್ಧಾರವಾಗುತ್ತಿತ್ತು. ಅವರು ರಾತ್ರಿಯಿಡೀ ಕಾಫಿಯಲ್ಲೇ ಇರುತ್ತಿದ್ದರು.

ಕ್ರಿಸ್ಮಸ್ ಹಿಂದಿನ ಶನಿವಾರ

ನಮ್ಮ ಕ್ಲೈಂಟ್ ತಂಡದಲ್ಲಿ ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದ ಹಿರಿಯ ಹೆಂಗಸೊಬ್ಬರಿದ್ದರು. ಐವತ್ತೈದು ದಾಟಿದ ವಯಸ್ಸು, ನನ್ನ ಕೋಡಿನಲ್ಲಿ ತಪ್ಪು ಹುಡುಕುವುದರಲ್ಲಿ ಎತ್ತಿದ ಕೈ. ಕ್ರಿಸ್ಮಸ್ ಹಿಂದಿನ ಶನಿವಾರ ಮನೆಗೆ ಕರೆದರು. ಊರಿಂದ ದೂರ ಇರುವವನು ಹಬ್ಬದ ದಿನ ಹೋಟೆಲ್ ರೂಮಿನಲ್ಲಿ ಕೂರಬಾರದು ಎಂಬುದು ಅವರ ವಾದ. ಪಿವಾಕಿಯ ದೇವಸ್ಥಾನದಲ್ಲಿ ಭಾನುವಾರದ ಊಟ ಒಂದೇ ನನಗಿದ್ದ ಹಬ್ಬ, ಹಾಗಾಗಿ ಸಂತೋಷದಿಂದಲೇ ಹೋದೆ. ಹಿಮದಲ್ಲಿ ದಾರಿ ತಪ್ಪಿ ಅರ್ಧ ಗಂಟೆ ತಡವಾಯಿತು. ಬಾಗಿಲಲ್ಲಿ ಬೂಟಿನ ಹಿಮ ಕೊಡವಿ, ಮೂರು ಪದರ ಬಟ್ಟೆ ಕಳಚಿ ಒಳಗೆ ಹೋಗುವಾಗ ಎಲ್ಲರ ಕೈಯಲ್ಲೂ ಲೋಟ ಬಂದಾಗಿತ್ತು.

ಮೇಜಿನ ನಡುವೆ ದೊಡ್ಡ ಬಿಳಿ ಬೋಗುಣಿ, ಸುತ್ತ ಅದೇ ಜಾತಿಯ ಬಿಳಿ ಕಪ್ಪುಗಳು. ಎಲ್ಲದರ ಮೇಲೂ ಚಿನ್ನದ ಬಣ್ಣದಲ್ಲಿ 'ಟಾಮ್ ಆ್ಯಂಡ್ ಜೆರ್ರಿ' ಎಂದು ಬರೆದಿತ್ತು. ಬೆಕ್ಕು, ಇಲಿ ಎಲ್ಲಿ ಎಂದು ಹುಡುಕಿದೆ. ಕಾರ್ಟೂನು ಬಂದದ್ದು 1940ರಲ್ಲಿ, ಈ ಪಾನೀಯ ಅದಕ್ಕಿಂತ ಬಹಳ ಹಳೆಯದು ಎಂದು ಮನೆಯಾಕೆ ನಕ್ಕರು. 1821ರಲ್ಲಿ ಲಂಡನ್ನಿನಲ್ಲಿ ಪಿಯರ್ಸ್ ಈಗನ್ ಬರೆದ ಪುಸ್ತಕವೊಂದರಲ್ಲಿ ಟಾಮ್, ಜೆರ್ರಿ ಎಂಬ ಇಬ್ಬರು ಪುಂಡರಿದ್ದರು, ಹೆಸರು ಅಲ್ಲಿಂದ ಬಂದದ್ದು ಎನ್ನುವವರಿದ್ದಾರೆ. ಮೊಟ್ಟೆಯ ಬಿಳಿ, ಹಳದಿ ಬೇರೆ ಬೇರೆ ನೊರೆ ಬರಿಸಿ ಸಕ್ಕರೆ, ಮಸಾಲೆ ಸೇರಿಸಿ ಹಿಟ್ಟಿನ ಹದಕ್ಕೆ ತರುತ್ತಾರೆ. ಕಪ್ಪಿಗೆ ಒಂದು ಸೌಟು ಹಾಕಿ, ಬ್ರಾಂದಿ, ರಮ್ಮು ಬೆರೆಸಿ, ಬಿಸಿ ಹಾಲು ಹೊಯ್ದು, ಜಾಯಿಕಾಯಿ ತುರಿಯುತ್ತಾರೆ. ಡಿಸೆಂಬರ್ ಬಂತೆಂದರೆ ಈ ಹಿಟ್ಟು ಅಲ್ಲಿನ ಅಂಗಡಿಗಳಲ್ಲಿ ಡಬ್ಬಿಗಳಲ್ಲಿ ಸಿಗುತ್ತದೆ, ನಮ್ಮಲ್ಲಿ ದೋಸೆ ಹಿಟ್ಟು ಸಿಗುವ ಹಾಗೆ. ಕೇಕಿನಲ್ಲಿ ಮೊಟ್ಟೆಯಿದ್ದರೆ ಕಣ್ಣು ಮುಚ್ಚಿ ತಿನ್ನುವ ಸಸ್ಯಾಹಾರಿ ನಾನು. ಹಸಿ ಮೊಟ್ಟೆಗೆ ಮಾತ್ರ ಕಣ್ಣು ಮುಚ್ಚಲಾಗಲಿಲ್ಲ. "ನಿನಗೆ ಐಸ್‌ಕ್ರೀಮಿನದು ಮಾಡುತ್ತೇನೆ ಬಾ" ಎಂದು ಅಡುಗೆಮನೆಗೆ ಕರೆದರು.

ಬ್ಲೆಂಡರ್ ಗುಡುಗುತ್ತಿತ್ತು. ಸಾಲಾಗಿ ಹತ್ತು ಹನ್ನೆರಡು ಲೋಟ. ಸ್ಟೂಲಿನ ಮೇಲೆ ಅವರ ತಮ್ಮ ಕೂತಿದ್ದರು, ಲಾರಿ ಡ್ರೈವರು, ಅಗಲವಾದ ಭುಜ. ಎಲ್ಲರಿಗಿಂತ ಮೊದಲು ಅವರ ಕೈಗೆ ಒಂದು ಲೋಟ ಹೋಯಿತು. ನೆಂಟರ ಮಕ್ಕಳೊಂದಿಗೆ ಜೋಕು ಹೇಳುತ್ತ ಕುಡಿದರು. ಆಮೇಲೆ ಬಾಲ್ಕನಿಯಲ್ಲಿ ಹಿಮ ನೋಡುತ್ತ ನಿಂತಾಗ ಅವರೇ ಹೇಳಿದರು, "ನಾನು ಕುಡಿತ ಬಿಟ್ಟು ಹನ್ನೊಂದು ವರ್ಷವಾಯಿತು. ಕುಡಿಯುವವರ ಮನೆಗಳಲ್ಲಿ ನನಗೆ ಒಂದೋ ನೀರು ಕೊಡುತ್ತಾರೆ, ಇಲ್ಲವೇ ಕರೆಯುವುದೇ ಇಲ್ಲ. ಅಕ್ಕನ ಮನೆಯಲ್ಲಿ ಮಾತ್ರ ನನಗೂ ಹಬ್ಬ."

ನನಗೆ ಆ ಕ್ಷಣ ನೆನಪಾದದ್ದು ಹುಬ್ಬಳ್ಳಿಯ ನಮ್ಮ ಕಾಕಾ.

ಕಾಕಾನ ಮಾತು

ಅಪ್ಪನ ತಮ್ಮ. ಒಂದು ಕಾಲಕ್ಕೆ ಅವರ ಅಂಗಡಿಯ ಗಲ್ಲಾ ಪೂರ್ತಿ ಸಂಜೆ ಏಳಕ್ಕೆ ಖಾಲಿಯಾಗುತ್ತಿತ್ತು. ಕಾಕು ತಮ್ಮ ಬಳೆ ಬಿಡಿಸಿಕೊಳ್ಳಲು ಅಪ್ಪನ ಹತ್ತಿರ ಬಂದು ಅತ್ತದ್ದು ನನಗೆ ನೆನಪಿದೆ. 2013ರಲ್ಲಿ ಕಾಕಾ ಬಿಟ್ಟರು. ವಾರಕ್ಕೆರಡು ಸಲ ಎ.ಎ. ಸಭೆಗೆ ಹೋಗುತ್ತಾರೆ. ಬಿಟ್ಟ ಮೇಲೆ ನಮ್ಮ ಮನೆಗಳಲ್ಲಿ ಅವರನ್ನು ನೋಡುವ ರೀತಿ ಬದಲಾಯಿತು, ಆದರೆ ಪೂರ್ತಿ ಒಳ್ಳೆಯದಕ್ಕಲ್ಲ. ಪುಣೆಯಲ್ಲಿ ಗೆಳೆಯರು ಕೂಡಿದಾಗ ಕಾಕಾ ಊರಿಂದ ಬಂದಿದ್ದರೆ, ಅವರು ಮಲಗುವವರೆಗೆ ಕಾಯುತ್ತಿದ್ದೆವು. ಅವರಿಗೆ ಅದು ಗೊತ್ತಾಗುತ್ತಿತ್ತು. "ನಾ ಮಲಗ್ತೀನಪಾ, ನೀವು ಕೂಡ್ರಿ" ಎಂದು ಒಂಬತ್ತಕ್ಕೇ ಎದ್ದು ಹೋಗುತ್ತಿದ್ದರು.

ಮಿಲ್ವಾಕಿಯಿಂದ ಬಂದ ಮೇಲೆ ಇದನ್ನು ಬದಲಿಸಬೇಕು ಅನ್ನಿಸಿತು. 2019ರ ಡಿಸೆಂಬರ್ 31ಕ್ಕೆ ಅವರನ್ನು ಒತ್ತಾಯ ಮಾಡಿ ಕರೆಸಿದೆ. ಧಾರವಾಡ ಪೇಡೆಯ ಎರಡು ಡಬ್ಬಿಯ ಜೊತೆ ಬಂದರು. ಅವ್ವ, ನಮ್ಮಿಬ್ಬರ ಆಫೀಸಿನ ನಾಲ್ಕು ಸಂಸಾರ, ಮಕ್ಕಳು ಸೇರಿ ಹದಿನೈದು ಜನ. ಮಿಕ್ಸಿಯಲ್ಲಿ ಎರಡು ಸಲ ಅರೆದೆ. ಒಂದು ಬ್ರಾಂದಿ ಹಾಕಿದ್ದು, ಇನ್ನೊಂದು ಹಾಕದ್ದು. ಮಿಲ್ವಾಕಿಯಲ್ಲಿ ನೋಡಿದ ಹಾಗೆಯೇ ಎಲ್ಲರಿಗೂ ಒಂದೇ ಥರದ ಲೋಟ, ಒಂದೇ ಥರದ ಚಾಕೊಲೇಟ್ ತುರಿ, ಒಂದೇ ಜಾಯಿಕಾಯಿ. ಯಾರು ಕುಡಿಯುವವರು, ಯಾರು ಅಲ್ಲ ಎಂದು ನೋಡಿದರೆ ತಿಳಿಯಬಾರದು ಎಂಬುದು ನನ್ನ ಉದ್ದೇಶ. ಎಡಗಡೆಯದು ಬ್ರಾಂದಿ, ಬಲಗಡೆಯದು ಬರೀದು ಎಂದು ನಾನು ನೆನಪಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಕೆಳಗಡೆ ಪಾರ್ಕಿಂಗಿನಿಂದ ಯಾರೋ ಫೋನು ಮಾಡಿದರು. ನಾನು ಬಾಗಿಲಿಗೆ ಹೋಗಿ ಬರುವುದರಲ್ಲಿ ಗೆಳೆಯನೊಬ್ಬ ಸಹಾಯ ಮಾಡೋಣವೆಂದು ಟ್ರೇ ತಿರುಗಿಸಿ ಎತ್ತಿಕೊಂಡು ಹೋಗಿ ಹಂಚಿಬಿಟ್ಟಿದ್ದ.

ಅಡುಗೆಮನೆಗೆ ಕಾಕಾ ಬಂದರು. ಲೋಟವನ್ನು ನಿಧಾನಕ್ಕೆ ಸಿಂಕಿನ ಪಕ್ಕ ಇಟ್ಟರು. "ಇದ್ರಾಗ ಅದ ಐತಲ್ಲೋ ತಮ್ಮಾ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ತುಟಿಗೆ ಮುಟ್ಟಿಸುವ ಮೊದಲು ವಾಸನೆ ಹಿಡಿದಿದ್ದರು.

ನಾನು ಹಾಲಿಗೆ ಓಡಿದೆ. ನಮ್ಮ ಮಗಳಿಗೆ ಆಗ ಆರು ವರ್ಷ. ಅವಳ ಕೈಯಲ್ಲಿದ್ದ ಲೋಟವನ್ನು ಕಿತ್ತುಕೊಂಡು ಮೂಸಿದೆ. ಬರೀ ಐಸ್‌ಕ್ರೀಮು. ಅವಳು ಅಳತೊಡಗಿದಳು. ಒಬ್ಬೊಬ್ಬರ ಲೋಟವನ್ನೂ ವಾಪಸು ತೆಗೆದುಕೊಂಡೆ. ನಗು, ಮಾತು ಎಲ್ಲ ನಿಂತಿತು. ಎಲ್ಲರೂ ಕಾಕಾನ ಕಡೆ ನೋಡಿದರು. ಏನು ಆಗಬಾರದೆಂದು ಇಷ್ಟೆಲ್ಲ ಮಾಡಿದ್ದೆನೋ ಅದೇ ಆಗಿತ್ತು.

ಕಾಕಾ ಬಾಲ್ಕನಿಗೆ ಹೋಗಿ ಫೋನು ಹಚ್ಚಿದರು. ಸಭೆಯ ಗೆಳೆಯರೊಬ್ಬರ ಜೊತೆ ಬಹಳ ಹೊತ್ತು ಮಾತಾಡಿದರು. ಊರೆಲ್ಲ ಪಟಾಕಿ ಹೊಡೆಯುವಾಗಲೂ ಮಾತಾಡುತ್ತಲೇ ಇದ್ದರು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅವರಿಗೂ ಬಂದಿರಲಿಲ್ಲ. ಬೆಳಿಗ್ಗೆ ಚಹಾ ಕುಡಿಯುತ್ತ ಅವರು ಹೇಳಿದ್ದು ಇಷ್ಟು: "ಬ್ಯಾರೆ ಲೋಟದಾಗ ಕೊಟ್ಟಿದ್ರ ನನಗೇನೂ ಸಣ್ಣಸ್ತಿಕಿ ಆಗ್ತಿದ್ದಿಲ್ಲ. ನಾ ಕುಡಿಯಂಗಿಲ್ಲ ಅನ್ನೂದು ಮುಚ್ಚಿಡೂ ಮಾತಲ್ಲ ತಮ್ಮಾ, ಅದು ನನ್ನ ಆರು ವರ್ಷದ ಗಳಿಕಿ. ಆದ್ರ ಲೋಟದಾಗ ಏನೈತಿ ಅಂತ ನನಗ ಗೊತ್ತಿರಬೇಕು ನೋಡು."

ನಾನು ನೋಡದೇ ಹೋದದ್ದು

ಜನವರಿಯ ಮೊದಲ ವಾರ ಮಿಲ್ವಾಕಿಯ ಆ ಅಕ್ಕನ ಜೊತೆ ಕೆಲಸದ ಕಾಲ್ ಇತ್ತು. ಮುಗಿದ ಮೇಲೆ ನಡೆದದ್ದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಅವತ್ತು ತಡವಾಗಿ ಬಂದೆ" ಎಂದರು.

ಬಂದವರಿಗೆಲ್ಲ ಬಾಗಿಲಲ್ಲೇ ಅವರು ಒಂದು ಮಾತು ಹೇಳಿದ್ದರಂತೆ: ಲೋಟದಲ್ಲಿ ಕೆಂಪು ಬಿಳಿ ಪಟ್ಟೆಯ ಪೆಪ್ಪರ್‌ಮಿಂಟ್ ಕಡ್ಡಿ ಇದ್ದರೆ ಅದರಲ್ಲಿ ಮದ್ಯ ಇಲ್ಲ. ಆ ಕಡ್ಡಿಗಳನ್ನು ನಾನು ಕಂಡಿದ್ದೆ, ಹಬ್ಬದ ಅಲಂಕಾರ ಅಂದುಕೊಂಡಿದ್ದೆ. ಇನ್ನೊಂದು ವಿಷಯವನ್ನು ನೋಡಿಯೂ ಗಮನಿಸಿರಲಿಲ್ಲ. ಅವರ ಬ್ಲೆಂಡರಿನೊಳಗೆ ಬ್ರಾಂದಿ ಹೋಗಿರಲೇ ಇಲ್ಲ. ಎಲ್ಲರಿಗೂ ಬರೀ ಐಸ್‌ಕ್ರೀಮು, ಹಾಲು, ಚಾಕೊಲೇಟು ಅರೆದು ಲೋಟ ತುಂಬುತ್ತಿದ್ದರು. ಬ್ರಾಂದಿ, ಲಿಕ್ಯೂರುಗಳು ಬೇರೆ ಕೋಣೆಯ ಬೇರೆ ಮೇಜಿನ ಮೇಲೆ. ಬೇಕು ಎಂದು ಕೇಳಿದವರ ಲೋಟಕ್ಕೆ ಮಾತ್ರ ಅವರ ಕಣ್ಣೆದುರಿಗೇ ಅಳೆದು ಹಾಕಿ ಚಮಚದಲ್ಲಿ ತಿರುವುತ್ತಿದ್ದರು. ಹಾಕಿದ ಕೂಡಲೇ ಪೆಪ್ಪರ್‌ಮಿಂಟ್ ಕಡ್ಡಿಯನ್ನು ತೆಗೆಯುತ್ತಿದ್ದರು.

ಹದಿನೈದು ವರ್ಷ ಸಾಫ್ಟ್‌ವೇರ್ ಬರೆದವನಿಗೆ ಇದು ಹೊಳೆಯಬೇಕಿತ್ತು. ಯಾರೂ ಏನೂ ಆಯ್ಕೆ ಮಾಡದಿದ್ದರೆ ಸಿಗುವುದು ಯಾರಿಗೂ ಅಪಾಯವಿಲ್ಲದ್ದಾಗಿರಬೇಕು. ಅದಕ್ಕೆ ನಾವು ಡಿಫಾಲ್ಟ್ ಅನ್ನುತ್ತೇವೆ. ನಮ್ಮ ಕೂಟಗಳಲ್ಲಿ ಡಿಫಾಲ್ಟ್ ಮದ್ಯ, ಬೇಡವಾದವರು ಬಾಯಿಬಿಟ್ಟು ಹೇಳಬೇಕು. ಅವರ ಮನೆಯಲ್ಲಿ ತಿರುವುಮುರುವು. ಬೇಕಾದವರು ಕೇಳಬೇಕು. ಆದ್ದರಿಂದಲೇ ಅವರ ತಮ್ಮನಿಗೆ ಎಲ್ಲರಿಗಿಂತ ಮೊದಲು ಲೋಟ ಸಿಕ್ಕಿದ್ದು.

ಸಿಹಿ ಪಾನೀಯಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ವಿಸ್ಕಿಯ ಲೋಟವನ್ನು ಯಾರೂ ಹಾಲೆಂದು ಕುಡಿಯುವುದಿಲ್ಲ. ಸಕ್ಕರೆ, ಕೊಬ್ಬು, ತಣ್ಣನೆ ಮೂರೂ ಸೇರಿದರೆ ಮದ್ಯದ ಕಟುವಾಸನೆ ಅಡಗುತ್ತದೆ. ಲೆಕ್ಕ ಮಾತ್ರ ಅಡಗುವುದಿಲ್ಲ. ನಮ್ಮಲ್ಲಿ ಸಿಗುವ ಶೇ. 42.8ರ ಬ್ರಾಂದಿ 30 ಮಿಲಿ ಹಾಕಿದರೆ ಸುಮಾರು 10 ಗ್ರಾಂ ಶುದ್ಧ ಆಲ್ಕೊಹಾಲು ಹೊಟ್ಟೆಗೆ ಹೋಗುತ್ತದೆ. ಐಸ್‌ಕ್ರೀಮಿನ ಜೊತೆ ಹೋದರೂ ಅಷ್ಟೇ.

ಈಗ ನಾವು ಮಾಡುವ ಬಗೆ

ಕೊರೊನಾ ಕಾಲದ ಎರಡು ವರ್ಷ ಯಾರೂ ಬರಲಿಲ್ಲ. ಆಮೇಲಿನ ಹೊಸ ವರ್ಷಗಳಿಗೆ ಕಾಕಾ ಬರುತ್ತಿದ್ದಾರೆ, ತಾವಾಗಿಯೇ. ನಮ್ಮ ಪಾನೀಯವೂ ಈಗ ಮಿಲ್ವಾಕಿಯದಾಗಿ ಉಳಿದಿಲ್ಲ. ಚಾಕೊಲೇಟಿನ ಬದಲು ಕಾಕಾ ತರುವ ಪೇಡೆಯನ್ನೇ ಹಾಕುತ್ತೇವೆ. ಹಾಲನ್ನು ಕೆಂಪಗಾಗುವವರೆಗೆ ಕಾಯಿಸಿದ ಆ ರುಚಿ ಬ್ರಾಂದಿಗೂ ಹೊಂದುತ್ತದೆ, ಬ್ರಾಂದಿ ಇಲ್ಲದೆಯೂ ನಿಲ್ಲುತ್ತದೆ. ನಾಲ್ಕು ಜನಕ್ಕೆ ಅರ್ಧ ಲೀಟರ್ ವೆನಿಲಾ ಐಸ್‌ಕ್ರೀಮು, ಆರು ಪೇಡೆ ಪುಡಿ ಮಾಡಿದ್ದು, ಕಾಯಿಸಿ ಪೂರ್ತಿ ತಣ್ಣಗಾದ ಹಾಲು 100 ಮಿಲಿ. ಡಬ್ಬಿಯ ಮೇಲೆ ಐಸ್‌ಕ್ರೀಮ್ ಎಂದೇ ಇದೆಯೇ ನೋಡಿಕೊಳ್ಳಿ. ಮಿಕ್ಸಿಯನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಓಡಿಸಬೇಡಿ, ಜಾರು ಬಿಸಿಯಾಗಿ ಎಲ್ಲ ನೀರಾಗುತ್ತದೆ. ಲೋಟಗಳನ್ನು ಅರ್ಧ ಗಂಟೆ ಮೊದಲೇ ಫ್ರೀಜರಿನಲ್ಲಿಡಿ. ನಿಂಬೆ, ಕಿತ್ತಳೆಯ ರಸ ಹತ್ತಿರವೂ ತರಬೇಡಿ, ಹಾಲು ಒಡೆಯುತ್ತದೆ. ಎಸೆನ್ಸ್ ಹಾಕುವುದಾದರೆ ಬಾಟಲಿಯ ಹಿಂಬದಿ ಓದಿ, ಕೆಲವು ಆಲ್ಕೊಹಾಲಿನಲ್ಲೇ ತಯಾರಾಗಿರುತ್ತವೆ. ಕೊನೆಗೆ ಜಾಯಿಕಾಯಿ, ಎರಡೇ ಉಜ್ಜು. ನಮ್ಮ ಅಜ್ಜಿ ಕೂಸುಗಳಿಗೆ ತೇದು ನೆಕ್ಕಿಸುತ್ತಿದ್ದ ಅದೇ ಜಾಯಿಕಾಯಿ.

ಮದ್ಯದ ಬಾಟಲಿ ಅಡುಗೆಮನೆಗೆ ಬರುವುದಿಲ್ಲ. ಅದು ಪುಸ್ತಕದ ಕೋಣೆಯಲ್ಲಿ, ನನ್ನ ಕೈಯಲ್ಲಿ. ಕೇಳಿದವರಿಗೆ 30 ಮಿಲಿ, ಅಳತೆಯ ಕಪ್ಪಿನಲ್ಲಿ. ಮಹಾರಾಷ್ಟ್ರದಲ್ಲಿ ಬ್ರಾಂದಿಗೆ 25 ವರ್ಷ ತುಂಬಿರಬೇಕು, ಹಾಗಾಗಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಬಂದರೆ ವಯಸ್ಸು ಕೇಳಿ ರೇಗಿಸುವುದೂ ಉಂಟು. ಪೆಪ್ಪರ್‌ಮಿಂಟ್ ಕಡ್ಡಿಯ ಜಾಗದಲ್ಲಿ ನಮ್ಮಲ್ಲಿ ಲೋಣಾವಳಾದ ಚಿಕ್ಕಿಯ ತುಂಡು ಬಂದಿದೆ. ಚಿಕ್ಕಿ ಸಿಕ್ಕಿಸಿದ ಲೋಟ ಎಲ್ಲರದ್ದು. ಬ್ರಾಂದಿ ಬಿದ್ದ ಕೂಡಲೇ ಚಿಕ್ಕಿ ಹೋಗುತ್ತದೆ. ಮಕ್ಕಳಿಗೂ ಈ ನಿಯಮ ಬಾಯಿಪಾಠ.

ಕಳೆದ ಡಿಸೆಂಬರ್ 31ರಂದು ಮಿಕ್ಸಿಯ ಹತ್ತಿರ ಕಾಕಾ ನಿಂತಿದ್ದರು, ಚಿಕ್ಕಿ ಸಿಕ್ಕಿಸುವ ಕೆಲಸ ಮಗಳದು. ಅವತ್ತು ಟ್ರೇ ಎತ್ತಿಕೊಂಡು ಹೋದ ಗೆಳೆಯನೂ ಬಂದಿದ್ದ. ಹದಿನಾಲ್ಕು ಲೋಟದಲ್ಲಿ ಪುಸ್ತಕದ ಕೋಣೆಗೆ ಬಂದದ್ದು ಐದು. ಗೆಳೆಯ ಬರಲಿಲ್ಲ. "ನನಗೆ ಚಿಕ್ಕಿಯದೇ ಇರಲಿ, ಹಿಂಜವಡಿವರೆಗೆ ಗಾಡಿ ಓಡಿಸಬೇಕು" ಎಂದ. ಹನ್ನೆರಡು ಹೊಡೆದಾಗ ಕಾಕಾ ಬಾಲ್ಕನಿಯಲ್ಲಿದ್ದರು, ಈ ಸಲ ಮೊಮ್ಮಕ್ಕಳ ಜೊತೆ, ಕೈಯಲ್ಲಿ ಎರಡನೇ ಲೋಟ. ನನ್ನನ್ನು ಹತ್ತಿರ ಕರೆದರು.

"ಪೇಡೆ ಕಡಿಮಿ ಆಗ್ಯಾವ ತಮ್ಮಾ" ಎಂದರು. "ಮುಂದಿನ ವರ್ಷ ಮೂರು ಡಬ್ಬಿ ತರ್ತೀನಿ."